ಮಂಗಳವಾರದ ಒಪ್ಪತ್ತು

ಭರಮಮ್ಮ ಹುಣಸೆಹಣ್ಣನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ್ದಳು. ಅಂಗಳದ ಮುಂದೆ ಮೋಟರ್ ಸೈಕಲ್ ಬಂದು ನಿಂತ ಸಪ್ಪಳಕ್ಕೆ ಏಟು ತಪ್ಪಿ ಹೆಬ್ಬೆರಳಿಗೆ ಬಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ತಲೆಯೆತ್ತಿ ನೋಡಿದರೆ ಕರಿಸಿದ್ದಪ್ಪ, ಸೌಭಾಗ್ಯಳ ಅಣ್ಣ. ಆರು ತಿಂಗಳ ಹಿಂದೆ ಗಂಡ ಪಾಲಾಕ್ಷಪ್ಪನ ಮಣ್ಣಿಗೆ ಬಂದು ಹೋದವನು ಆಮೇಲೆ ಹಟ್ಟಿಯ ಕಡೆ ತಲೆ ಹಾಕಿರಲಿಲ್ಲ.

"ಬಾ ತಮ್ಮ. ಸೌಭಾಗ್ಯ ಕುರಿ ಹೊಡಕೊಂಡು ಗುಡ್ಡದ ಕಡಿ ಹೋಗ್ಯಾಳ. ಹೊತ್ತು ಇಳಿಯೋದ್ರಾಗ ಬರ್ತಾಳ."

"ಗೊತ್ತೈತ್ರಿ ಅಕ್ಕ. ಅದಕ್ಕ ಈ ಹೊತ್ತಿನ್ಯಾಗ ಬಂದೆ. ಮೊದ್ಲು ನಿಮ್ಮ ಜೊತಿ ಮಾತಾಡಬೇಕಿತ್ತು."

ಅವಳು ಒಳಗೆ ಹೋಗಿ ಒಂದು ಚೆಂಬು ನೀರು, ಒಂದು ಲೋಟ ಮಜ್ಜಿಗೆ ತಂದಿಟ್ಟಳು. ಕರಿಸಿದ್ದಪ್ಪ ಮಜ್ಜಿಗೆ ಕುಡಿದು, ಟವೆಲಿನಿಂದ ಮೀಸೆ ಒರೆಸಿಕೊಂಡು, ಕಟ್ಟೆಯ ಕೆಳಗೆ ಚೆಲ್ಲಿದ್ದ ಹುಣಸೆಬೀಜಗಳನ್ನು ಕಾಲಿನಿಂದ ಒಂದೆಡೆ ಸರಿಸುತ್ತ ಕುಳಿತ. ಮಾತನ್ನು ಎಲ್ಲಿಂದ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿರಬೇಕು. ಇಲ್ಲಿ ಕುಳಿತ ಮೇಲೆ ಅದು ಮರೆತು ಹೋದಂತಿತ್ತು. ಭರಮಮ್ಮ ತನ್ನ ತಂಗಿಗೆ ಅತ್ತೆಯಲ್ಲ, ಅತ್ತಿಗೆಯಲ್ಲ; ಸವತಿ. ಗಂಡ ತೀರಿಹೋದ ಮನೆಯಲ್ಲಿ ಇಬ್ಬರು ಹೆಂಗಸರು ಉಳಿದಿದ್ದಾರೆ, ಅವರಲ್ಲಿ ಒಬ್ಬಳನ್ನು ಕಳಿಸಿಕೊಡು ಎಂದು ಇನ್ನೊಬ್ಬಳನ್ನು ಕೇಳಬೇಕಾಗಿತ್ತು.

"ಹಡಗಲಿ ಕಡಿ ನಮ್ಮೋರೇ ಒಬ್ರು ಅದಾರ. ಮೈಲಾರೇಶ್ ಅಂತ. ಹಾಲಿನ ಡೇರಿಯಾಗ ಕೆಲಸ ಮಾಡ್ತಾನ. ಹೆಂಡ್ತಿ ಕಾಮಾಲಿ ಆಗಿ ತೀರ್ಕೊಂಡು ವರ್ಷಾತು. ಮೂರು ವರ್ಷದ ಹೆಣ್ಣುಕೂಸು ಐತಿ. ಸೌಭಾಗಿನ್ನ ಉಡಿಕಿ ಮದುವಿ ಮಾಡಿ ಕೊಡ್ತೀರೇನು ಅಂತ ಕೇಳ್ಯಾರ."

"ಆಕಿಗೆ ಮೂವತ್ತೇಳಾತಲ್ಲ ತಮ್ಮ."

"ಅವನಿಗೂ ನಲವತ್ತೈದು ಆಗ್ಯಾವ. ನಾವು ಏನೂ ಮುಚ್ಚಿಟ್ಟಿಲ್ರಿ. ಮಕ್ಳಾಗಂಗಿಲ್ಲ ಅನ್ನೋದೂ ಹೇಳೀವಿ." ಅವನು ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿ, "ಅದಕ್ಕ ಒಪ್ಯಾರ ಅನ್ರಿ. ಬರಾಕಿಗೆ ತನ್ನ ಮಕ್ಳು ಹುಟ್ಟಿದ್ರ ಈ ಕೂಸು ಮೂಲಿಗೆ ಬೀಳ್ತೈತಿ ಅಂತ ಅವರವ್ವನ ಚಿಂತಿ. ನಮ್ಮಾಕಿ ಆದ್ರ ಆ ಭಯ ಇಲ್ಲ ಅಂದ್ರು" ಎಂದ.

ಭರಮಮ್ಮ ಸುತ್ತಿಗೆಯನ್ನು ಕೈಗೆತ್ತಿಕೊಂಡಳು. ಒಂದು ಹಣ್ಣು ಕುಟ್ಟಿ ಬೀಜ ಬಿಡಿಸಿದಳು. ಇನ್ನೊಂದು ಕುಟ್ಟಿದಳು. ಹೆಬ್ಬೆರಳು ಚುಳು ಚುಳು ಅನ್ನುತ್ತಿತ್ತು.

"ಆಕಿನ್ನೇ ಕೇಳು," ಎಂದಳು ಕೊನೆಗೆ.

ಸೌಭಾಗ್ಯ ಕುರಿ ಹೊಡೆದುಕೊಂಡು ಬಂದಾಗ ಬಿಸಿಲು ಗೋಡೆ ಹತ್ತಿತ್ತು. ಇಪ್ಪತ್ತು ಕುರಿಗಳನ್ನು ಎಣಿಸಿ ಒಳಗೆ ಬಿಟ್ಟು, ಕೈಕಾಲು ತೊಳೆದು, ಅಣ್ಣನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತಳು. ಅವನ ಮಾತು ಮುಗಿಯುವ ತನಕ ಅಂಗಾಲಿನ ಮುಳ್ಳು ನೋಡಿಕೊಳ್ಳುತ್ತಿದ್ದವಳು ಹಾಗೇ ನೋಡಿಕೊಳ್ಳುತ್ತ ಹೇಳಿದಳು:

"ಬಂಜಿ ಅಂತ ಹೇಳಿ ನೀವು ಕೊಡ್ತೀರಿ, ಬಂಜಿ ಅಂತ ಅವ್ರು ಕರಕೊಂತಾರ. ಅಲ್ಲಿ ದಿನಾ ಅದನ್ನ ಕೇಳ್ಕೊಂತ ಇರ್ಲೇನಣ್ಣ? ಈ ಮನಿಗೆ ಬಂದು ಹದಿನೇಳು ವರ್ಷಾತು. ಅತ್ತಿ ಅಂದ್ಲು, ಊರು ಅಂತು. ಅಕ್ಕ ಒಂದು ದಿನ ಆ ಮಾತು ಬಾಯಾಗ ತಂದಿಲ್ಲ. ನಾ ಎಲ್ಲಿಗೂ ಬರಂಗಿಲ್ಲ."

ಕರಿಸಿದ್ದಪ್ಪ ವಾದ ಮಾಡಲಿಲ್ಲ. "ಯೋಚನಿ ಮಾಡು. ಎಂಟು ದಿನ ಬಿಟ್ಟು ಸೋಮವಾರ ಮತ್ತ ಬರ್ತೀನಿ," ಎಂದು ಗಾಡಿ ಹತ್ತಿದ. ಸೌಭಾಗ್ಯ ಬೀಜದ ರಾಶಿಯ ಹತ್ತಿರ ಬಂದು ಭರಮಮ್ಮನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. "ಬೆರಳಿಗೆ ಏನ್ ಮಾಡ್ಕೊಂಡಿ? ಕಪ್ಪಾಗೇತಿ. ಹೋಗು, ಸುಣ್ಣ ಅರಿಷಿಣ ಹಚ್ಚು," ಎಂದಳು.

*

ಹಟ್ಟಿಯಲ್ಲಿ ನಲವತ್ತು ಮನೆ. ಹೊಸಬರು ಯಾರಾದರೂ ದಾರಿ ಕೇಳಿದರೆ ಜನ ಹೇಳುತ್ತಿದ್ದದ್ದು ಹೀಗೆ: ನೀರಿನ ಟ್ಯಾಂಕು ದಾಟ್ರಿ, ಮಕ್ಕಳಿಲ್ಲದೋರ ಮನಿ ಬರ್ತೈತಿ, ಅಲ್ಲಿಂದ ಎಡಕ್ಕ. ಅದರಲ್ಲಿ ಕುಹಕ ಏನೂ ಇರಲಿಲ್ಲ. ಬೇವಿನ ಮರದ ಮನೆ, ಹಂಚಿನ ಮನೆ ಅಂದ ಹಾಗೆ ಅದೂ ಒಂದು ಗುರುತು. ಲಸಿಕೆ ಹಾಕುವ ನರ್ಸಮ್ಮ ಆ ಬಾಗಿಲ ಮುಂದೆ ನಿಲ್ಲುತ್ತಿರಲಿಲ್ಲ. ಅಂಗನವಾಡಿಯ ಟೀಚರು ವರ್ಷಕ್ಕೊಮ್ಮೆ ಪಟ್ಟಿ ಹಿಡಿದು ಬಂದವಳು ಒಳಗೆ ಇಣುಕದೆ ಏನೋ ಗೀಚಿಕೊಂಡು ಪಕ್ಕದ ಗಾಳೆಮ್ಮನ ಮನೆಗೆ ಹೋಗುತ್ತಿದ್ದಳು. ತೊಟ್ಟಿಲ ಶಾಸ್ತ್ರಕ್ಕೆ ಈ ಮನೆಗೂ ಕರೆ ಬರುತ್ತಿತ್ತು. ಕೂಸನ್ನು ತೊಟ್ಟಿಲಿಗೆ ಹಾಕಿ, ಹೆಸರು ಕರೆದು, ಎಲ್ಲ ಮುಗಿದ ಮೇಲೆ, ಊಟದ ಹೊತ್ತಿಗೆ.

ಭರಮಮ್ಮ ಮದುವೆಯಾಗಿ ಬಂದಾಗ ಹದಿನೆಂಟು. ಒಂಬತ್ತು ವರ್ಷ ಕಾದ ಮೇಲೆ ಪಾಲಾಕ್ಷಪ್ಪ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋಗಿದ್ದ. ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿಸಿದರು. ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಎರಡನೆಯ ಸಲ ಹೋದಾಗ ಕಾಗದ ನೋಡಿ, ನಿಮ್ಮ ಹೆಂಡತಿಯಲ್ಲಿ ಏನೂ ದೋಷವಿಲ್ಲ, ನಿಮ್ಮಿಂದ ಮಕ್ಕಳಾಗುವುದು ಸಾಧ್ಯವಿಲ್ಲ ಎಂದು ಮೆಲ್ಲಗೆ, ತಿಳಿಯುವ ಹಾಗೆ ಹೇಳಿದರು. ಹರಪನಹಳ್ಳಿಯ ಬಸ್ಸಿನಲ್ಲಿ ಕಿಟಕಿಯ ಕಡೆ ಕುಳಿತ ಪಾಲಾಕ್ಷಪ್ಪ ಆ ಕಾಗದವನ್ನು ನಾಲ್ಕಾಗಿ, ಎಂಟಾಗಿ ಹರಿದು ಗಾಳಿಗೆ ಬಿಟ್ಟ. ಊರು ಹತ್ತಿರ ಬಂದಾಗ, "ಭರಮಿ, ಇದು ನಿನ್ನ ಹೊಟ್ಟ್ಯಾಗ ಇರ್ಲಿ," ಎಂದ. ಅವಳು ಹ್ಞೂಂ ಅಂದಳು. ಆಗ ಅವಳಿಗೆ ಅಂಥ ದುಃಖವೇನೂ ಆಗಿರಲಿಲ್ಲ. ಗಂಡನ ಮಾನ ತನ್ನ ಕೈಯಲ್ಲಿದೆ ಎನ್ನುವುದೇ ಒಂದು ಬಗೆಯ ಹೆಮ್ಮೆಯಾಗಿತ್ತು.

ಆ ಹೆಮ್ಮೆ ಬಹಳ ದಿನ ಬಾಳಲಿಲ್ಲ. ಅತ್ತೆ ದಿನಕ್ಕೊಮ್ಮೆ ಬಂಜಿ ಅನ್ನುತ್ತಿದ್ದಳು. ಒಲೆ ಆರಿದರೆ ಬಂಜಿ, ಹಾಲು ಒಡೆದರೆ ಬಂಜಿ. ಬಿತ್ತುವ ದಿನ ಹೊಲಕ್ಕೆ ಮೊದಲು ಕಾಲಿಡಬೇಡ ಎಂದಳು. ಪಾಲಾಕ್ಷಪ್ಪ ಎಲ್ಲ ಕೇಳಿಸಿಕೊಂಡು ಹೊರಗೆ ಕುರಿಯ ಹತ್ತಿರ ಹೋಗಿ ಕೂರುತ್ತಿದ್ದ. ಆರು ವರ್ಷ ಹೀಗೆ ಕಳೆದ ಮೇಲೆ ಅತ್ತೆ ಎರಡನೆಯ ಮದುವೆಯ ಮಾತು ತೆಗೆದಳು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಡಾಕ್ಟ್ರು ಹೇಳಿದ್ದೆಲ್ಲ ಖರೇನೇ ಇರ್ತೈತೇನು," ಎಂದ ಒಂದು ದಿನ, ಯಾರಿಗೆ ಎಂದಿಲ್ಲದೆ.

ಹೆಣ್ಣು ನೋಡಲು ಹೋದವಳು ಭರಮಮ್ಮನೇ. ಇಪ್ಪತ್ತರ ಸೌಭಾಗ್ಯ ಹಿತ್ತಲಿನಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಮೊರದ ಧೂಳು ರೆಪ್ಪೆಯ ಮೇಲೆಲ್ಲ ಕುಳಿತಿತ್ತು. ಹೊಸಬರನ್ನು ನೋಡಿ ನಕ್ಕಳು. ಅವಳಪ್ಪ, "ಮೊದ್ಲನೇ ಹೆಂಡ್ತಿನೇ ಬಂದು ಕೇಳಾಕತ್ಯಾಳ ಅಂದ್ಮ್ಯಾಲೆ ನಮಗ್ಯಾವ ಅನುಮಾನ," ಎಂದಿದ್ದ. ಆ ಮನೆಯಿಂದ ಎದ್ದು ಬರುವುದಕ್ಕೆ ಭರಮಮ್ಮನಿಗೆ ಆಗಲೂ ಸಮಯವಿತ್ತು. ಒಂದು ಮಾತು ಸಾಕಾಗಿತ್ತು. ಅವಳು ತಂದಿದ್ದ ಕನಕಾಂಬರದ ದಂಡೆಯನ್ನು ಬಿಚ್ಚಿ ಹುಡುಗಿಯ ತಲೆಗೆ ಮುಡಿಸಿದಳು.

ಅಂದುಕೊಂಡ ಹಾಗೇ ಆಯಿತು. ಮೂರು ವರ್ಷ ಕಳೆಯುವುದರೊಳಗೆ ಹಟ್ಟಿಯ ಬಾಯಲ್ಲಿ ಬಂಜಿ ಒಬ್ಬಳಿದ್ದದ್ದು ಇಬ್ಬರಾದರು. ಆ ಮನೆಯ ತಳಪಾಯದಲ್ಲಿ ನಾಗರಹಾವು ಸಿಕ್ಕಿತ್ತಂತೆ ಎಂದರು. ಹೆಂಡಿರ ಕಾಲ್ಗುಣ ಎಂದರು. ಪಾಲಾಕ್ಷಪ್ಪನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಭರಮಮ್ಮ ಎಣಿಸದೇ ಇದ್ದದ್ದು ಒಂದೇ: ಆ ಹುಡುಗಿ ತನಗೆ ಇಷ್ಟು ಹತ್ತಿರವಾಗುತ್ತಾಳೆ ಎನ್ನುವುದು. ಚಿಕುನ್‌ಗುನ್ಯ ಬಂದು ಭರಮಮ್ಮನ ಮೊಣಕಾಲು ಕಟ್ಟಿಕೊಂಡ ವರ್ಷ ಸೌಭಾಗ್ಯ ಅವಳನ್ನು ಎರಡು ತಿಂಗಳು ಬಯಲಿಗೆ ಎತ್ತಿಕೊಂಡು ಹೋಗಿ ಬಂದಿದ್ದಳು. ಅತ್ತೆ ಸತ್ತಳು. ಹೋದ ಶ್ರಾವಣದಲ್ಲಿ ಎದೆನೋವೆಂದು ಹೊಲದ ಬದುವಿನ ಮೇಲೆ ಕುಳಿತ ಪಾಲಾಕ್ಷಪ್ಪ ಮತ್ತೆ ಏಳಲಿಲ್ಲ. ದಿನದ ಕರ್ಮ ಮುಗಿದ ಮೇಲೆ ಬಂದ ಜನವೆಲ್ಲ ಹೋಗಿ, ಇಬ್ಬರೇ ಉಳಿದಾಗ ಸೌಭಾಗ್ಯ, "ನೀ ಇದ್ದಿ ಅಂತ ನಾ ಅದೀನಿ ಅಕ್ಕ," ಎಂದಿದ್ದಳು.

*

ಕರಿಸಿದ್ದಪ್ಪ ಬಂದು ಹೋದ ಮೂರನೆಯ ದಿನ ಮಂಗಳವಾರ. ಸೌಭಾಗ್ಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಬರಿ ಹೊಟ್ಟೆಯಲ್ಲಿ ಬುಟ್ಟಿಗೆ ಕಾಯಿ, ಎಲೆ ಅಡಿಕೆ ಇಟ್ಟುಕೊಳ್ಳುತ್ತಿದ್ದಳು. ಮದುವೆಯಾದ ಮರುವರ್ಷದಿಂದ ಅವಳು ಮಂಗಳವಾರ ಒಪ್ಪತ್ತು. ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಇಲ್ಲ. ದುರ್ಗದ ಬೆಟ್ಟದ ಮೇಲಿನ ಉಚ್ಚಂಗೆಮ್ಮನಿಗೆ ಕಾಯಿ ಒಡೆಸಿ ಬಂದು ಹೊತ್ತು ಮುಳುಗಿದ ಮೇಲೆ ಒಂದು ಊಟ.

"ನಾನೂ ಬರ್ತೀನಿ," ಎಂದಳು ಭರಮಮ್ಮ.

"ನಿನ್ನ ಮೊಣಕಾಲು?"

"ಕುಂತು ಕುಂತು ಹತ್ತೀನಿ."

ಕುರಿಗಳನ್ನು ಗಾಳೆಮ್ಮನ ಕುರಿಗಳ ಜೊತೆ ಬಿಟ್ಟು ಇಬ್ಬರೂ ಆಟೋ ಹತ್ತಿದರು. ಕೋಟೆಯ ಮೆಟ್ಟಿಲ ಬುಡದಲ್ಲಿ ಇಳಿದಾಗ ಹತ್ತು ಗಂಟೆಯ ಬಿಸಿಲು. ಸೌಭಾಗ್ಯ ಬರಿಗಾಲಲ್ಲಿ ಮುಂದೆ, ಭರಮಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ. ಅರ್ಧ ದಾರಿಯಲ್ಲಿ ಕಲ್ಲಿನ ಬಾಗಿಲ ನೆರಳು ಸಿಕ್ಕಿತು. ಭರಮಮ್ಮ ಗೋಡೆ ಹಿಡಿದು ಕುಳಿತುಬಿಟ್ಟಳು. ಸೌಭಾಗ್ಯಳೂ ಪಕ್ಕದಲ್ಲಿ ಕುಳಿತು ಸೆರಗಿನಿಂದ ಅವಳ ಮುಖಕ್ಕೆ ಗಾಳಿ ಹಾಕಿದಳು. ಕೆಳಗೆ ಊರಿನ ಮಾಳಿಗೆಗಳು, ಅದರಾಚೆ ಕೊಯ್ಲಾದ ಬೋಳು ಹೊಲಗಳು ಕಾಣುತ್ತಿದ್ದವು.

"ಸೌಭಾಗಿ, ಅವ ಹೋದ ಮ್ಯಾಲೂ ಈ ಒಪ್ಪತ್ತು ಯಾತಕ್ಕ?"

ಸೌಭಾಗ್ಯ ಗಾಳಿ ಹಾಕುತ್ತಲೇ ಇದ್ದಳು. "ಕೂಸು ಕೊಡು ಅಂತ ಈಗೇನು ಕೇಳ್ತೀನಿ ಅಕ್ಕ. ಏನು ತಪ್ಪು ಮಾಡಿದ್ದೆ, ಅಷ್ಟು ತಿಳಿಸು ಅಂತ ಕೇಳ್ತೀನಿ. ಸಣ್ಣಾಕಿ ಇದ್ದಾಗ ಬಣವಿ ಹತ್ರ ಹಾವಿನ ತತ್ತಿ ಒಡದಿದ್ದೆ, ಗೊತ್ತಿಲ್ದಂಗ. ಅದೋ ಏನೋ. ಅದೇ ಆದ್ರ ಅದೇ ಅನ್ಲಿ. ತಿಳಕೊಂಡು ಸಾಯ್ತೀನಿ."

ಗಾಳಿ ಹಾಕುತ್ತಿದ್ದ ಆ ಸೆರಗನ್ನು ಭರಮಮ್ಮ ಹಿಡಿದು ನಿಲ್ಲಿಸಿದಳು.

"ನಿನ್ನ ತಪ್ಪೇನೂ ಇಲ್ಲ."

"ನಿನಗೇನ್ ಗೊತ್ತು?"

"ಗೊತ್ತೈತಿ. ಅವನದಿತ್ತು. ದಾವಣಗೆರಿ ಡಾಕ್ಟ್ರು ಹೇಳಿದ್ರು. ಅವನಿಂದ ಆಗಂಗಿಲ್ಲ ಅಂದ್ರು. ನೀ ಬರೋಕಿಂತ ಆರು ವರ್ಷ ಮೊದ್ಲ."

ಮೇಲಿನಿಂದ ನಾಲ್ಕು ಜನ ಮಾತಾಡುತ್ತ ಇಳಿದು ಬಂದರು. ದಾರಿ ಬಿಡಲು ಇಬ್ಬರೂ ಕಾಲು ಮಡಿಚಿದರು. ಅವರು ದಾಟಿ ಹೋಗುವ ತನಕ ಸೌಭಾಗ್ಯ ಅವರನ್ನೇ ನೋಡುತ್ತಿದ್ದಳು.

"ನಿನಗ ಗೊತ್ತಿತ್ತು," ಎಂದಳು.

"ಹ್ಞೂಂ."

"ನಮ್ಮನಿಗೆ ನೀನೇ ಬಂದಿದ್ದಿ. ನನಗ ಹೂವು ಮುಡಿಸಿದ್ದಿ."

"ಹ್ಞೂಂ."

"ಅವಾಗ್ಲೂ ಗೊತ್ತಿತ್ತು."

ಭರಮಮ್ಮ ಹಿಡಿದಿದ್ದ ಸೆರಗನ್ನು ಬಿಟ್ಟಳು.

"ಯಾಕ?"

ಅತ್ತೆಯ ಕಾಟ ಅನ್ನಬಹುದಿತ್ತು. ಗಂಡ ಆಣೆ ಹಾಕಿಸಿದ್ದ ಅನ್ನಬಹುದಿತ್ತು. ಎರಡೂ ಬಹಳ ಸುಳ್ಳಲ್ಲ. ಎಷ್ಟೋ ವರ್ಷಗಳಿಂದ ಅವನ್ನು ಒಳಗೇ ಹೇಳಿಕೊಂಡು ಹೇಳಿಕೊಂಡು ನುಣುಪು ಮಾಡಿಟ್ಟಿದ್ದಳು. ಆದರೆ ಬಾಯಿಗೆ ಬಂದದ್ದು ಅವಲ್ಲ.

"ನಾ ಒಬ್ಬಾಕಿನೇ ಆ ಮಾತು ಕೇಳಾಕ ಆಗ್ಲಿಲ್ಲ ಸೌಭಾಗಿ. ಇನ್ನೊಬ್ಬಾಕಿ ಬಂದು, ಆಕಿಗೂ ಆಗ್ಲಿಲ್ಲಂದ್ರ, ನನ್ನ ಒಬ್ಬಾಕಿನ್ನೇ ಅನ್ನೋದು ಬಿಡ್ತಾರ ಅನ್ಕೊಂಡೆ."

ಸೌಭಾಗ್ಯ ಎದ್ದಳು. ಸೀರೆ ಕೊಡವಿಕೊಂಡು, ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಜೋರಾಗಿಯೂ ಅಲ್ಲ, ನಿಧಾನವಾಗಿಯೂ ಅಲ್ಲ, ವಾರ ವಾರ ಹತ್ತುವ ಹಾಗೆ. ತಿರುವಿನಲ್ಲಿ ಮರೆಯಾಗುವ ತನಕ ಹಿಂತಿರುಗಿ ನೋಡಲಿಲ್ಲ.

ಭರಮಮ್ಮ ಅಲ್ಲೇ ಕುಳಿತಳು. ನೆರಳು ಸರಿದು ಕಾಲಿನ ಮೇಲೆ ಬಿಸಿಲು ಬಂತು. ಒಂದು ತಾಸಾದ ಮೇಲೆ ಸೌಭಾಗ್ಯ ಇಳಿದು ಬಂದಳು, ಅವಳನ್ನು ದಾಟಿ ಕೆಳಗೆ ನಡೆದಳು. ಬುಟ್ಟಿಯಲ್ಲಿ ಕಾಯಿ ಒಡೆಯದೆ ಹಾಗೇ ಇತ್ತು. ಭರಮಮ್ಮ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಊರುತ್ತ ಹಿಂದೆ ಇಳಿದಳು.

ಕೆಳಗೆ ಮಂಡಕ್ಕಿ ಅಂಗಡಿಯ ಮುಂದೆ ಸೌಭಾಗ್ಯ ನಿಂತಿದ್ದಳು. ಕೈಯಲ್ಲಿ ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿ, ಅದರ ಮೇಲೆ ಎರಡು ಮೆಣಸಿನಕಾಯಿ ಬಜ್ಜಿ. ಸೂರ್ಯ ನೆತ್ತಿಯ ಮೇಲಿದ್ದ. ಅವಳು ನಿಂತೇ ತಿಂದಳು. ಹಸಿದವರು ತಿನ್ನುವ ಹಾಗೆ, ಎಲ್ಲೂ ನೋಡದೆ, ಪ್ಲೇಟಿನ ತಳಕ್ಕೆ ಅಂಟಿದ ಕಾಳನ್ನೂ ಬೆರಳಿನಿಂದ ತೆಗೆದು ತಿಂದಳು. ಮುಗಿದ ಮೇಲೆ ಇನ್ನೊಂದು ಪ್ಲೇಟು ಹಾಕಲು ಹೇಳಿದಳು. ಅದನ್ನೂ ತಿಂದಳು. ನೀನೂ ತಿನ್ನು ಅನ್ನಲಿಲ್ಲ. ಭರಮಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆಯಾಚೆ ನಿಂತಿದ್ದಳು.

*

ಆಮೇಲಿನ ದಿನಗಳಲ್ಲಿ ಸೌಭಾಗ್ಯ ಜಗಳ ಆಡಲಿಲ್ಲ. ಒಲೆ ಬೇರೆ ಹೂಡಲಿಲ್ಲ. ರೊಟ್ಟಿ ಬಡಿದಳು, ನೀರು ಹೊತ್ತಳು, ಕುರಿ ಮೇಯಿಸಿ ತಂದಳು, ಭರಮಮ್ಮನ ತಟ್ಟೆಗೆ ಊಟ ಬಡಿಸಿದಳು. ಉಳಿದ ಹುಣಸೆಹಣ್ಣನ್ನೆಲ್ಲ ಒಬ್ಬಳೇ ಕುಟ್ಟಿ ಮುಗಿಸಿದಳು. ಅಕ್ಕ ಅನ್ನುವುದನ್ನು ಮಾತ್ರ ನಿಲ್ಲಿಸಿದಳು. ಏನಾದರೂ ಹೇಳಬೇಕಾದಾಗ ಹತ್ತಿರ ಬಂದು ನಿಂತು ಹೇಳುತ್ತಿದ್ದಳು, ಕರೆಯದೆ. ಭರಮಮ್ಮ ಒಳಗೆ ಕೆಲಸ ಮಾಡುತ್ತಿರುವಾಗ ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸಿ ತಿರುಗಿದರೆ ಸೌಭಾಗ್ಯ ನಿಂತಿರುತ್ತಿದ್ದಳು: "ಉಪ್ಪು ತೀರೇತಿ."

ಸೋಮವಾರ ಕರಿಸಿದ್ದಪ್ಪ ಬಂದ. ಅವನು ಕೂರುವ ಮೊದಲೇ ಸೌಭಾಗ್ಯ ಹೇಳಿದಳು:

"ನಾ ಬರ್ತೀನಣ್ಣ. ಆದ್ರ ಅವ್ರಿಗೆ ಸುಳ್ಳು ಹೇಳಬ್ಯಾಡ. ನಾ ಬಂಜಿ ಅಲ್ಲ ಅಂತ ಹೇಳು. ಈ ವಯಸ್ಸಿನ್ಯಾಗ ಮಕ್ಳು ಆಗಬಹುದು, ಆಗದೇ ಇರಬಹುದು. ಹಂಗಂತ ಹೇಳಿದ ಮ್ಯಾಲೂ ಬೇಕಂದ್ರ ಬರ್ತೀನಿ."

"ಏನ್ ಹುಚ್ಚು ಮಾತು ಇದು?"

"ಆಕಿನ್ನ ಕೇಳು."

ಆಕಿ ಎಂದಳು. ಭರಮಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೆಟ್ಟದ ಮೇಲೆ ಹೇಳಿದ್ದಕ್ಕಿಂತ ಇಲ್ಲಿ ಹೇಳುವುದು ಕಷ್ಟವಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ. ದಾವಣಗೆರೆ, ಡಾಕ್ಟರು, ಬಸ್ಸಿನಲ್ಲಿ ಹರಿದ ಕಾಗದ, ಎಲ್ಲವನ್ನೂ ಹೇಳಿದಳು. ದನಿ ತಾನಾಗಿಯೇ ದೊಡ್ಡದಾಗಿತ್ತು. ಗೋಡೆಯಾಚೆ ಗಾಳೆಮ್ಮನ ಮೊರದ ಸಪ್ಪಳ ನಿಂತದ್ದು ಕೇಳಿಸಿತು.

ಕರಿಸಿದ್ದಪ್ಪನ ಮುಖ ಕಪ್ಪಾಯಿತು. "ನಮ್ಮಪ್ಪ ಇದೇ ಕೊರಗಿನ್ಯಾಗ ಸತ್ನಲ್ರಿ. ನನ್ನ ಮಗಳ ಹೊಟ್ಟಿ ಬರಿದಾತು ಅಂತ ಎಲ್ಲಾ ದೇವ್ರಿಗೂ ಹರಕಿ ಹೊತ್ತ. ನಿಮ್ಮನ್ನ ನಂಬಿ ಕೊಟ್ಟಿದ್ವಿ, ನಿಮ್ಮನ್ನ," ಎಂದು ಎದ್ದು ನಿಂತ. "ಹಿರೇರನ್ನ ಕೂಡಸ್ತೀನಿ. ಇದು ಹಿಂಗ ಬಿಡೋದಲ್ಲ."

"ಕೂಡಿಸಿ ಯಾರನ್ನ ಕೇಳ್ತಿ?" ಎಂದಳು ಸೌಭಾಗ್ಯ. "ಸತ್ತೋನ್ನ ಎಬ್ಬಸ್ತಿಯೇನು? ಹೋದ ಹದಿನೇಳು ವರ್ಷ ತಿರುಗಿ ಕೊಡಸ್ತಿಯೇನು? ಕುಂದ್ರು. ಉಂಡು ಹೋಗು."

ಅವನು ಉಣ್ಣದೇ ಹೋದ.

ಸಂಜೆಯ ಹೊತ್ತಿಗೆ ಹಟ್ಟಿಗೆಲ್ಲ ಗೊತ್ತಾಗಿತ್ತು. ಮುಚ್ಚಿಟ್ಟದ್ದು ಬಿಚ್ಚಿದರೆ ಏನೋ ಆದೀತೆಂದು ಭರಮಮ್ಮ ಇಪ್ಪತ್ಮೂರು ವರ್ಷ ಹೆದರಿದ್ದಳು. ಆದದ್ದು ಇಷ್ಟೇ: ಅರ್ಧ ಜನ ನಂಬಲಿಲ್ಲ. ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದಾಗ ಗಾಳೆಮ್ಮ, "ಇದ್ದಾಗ ಹೇಳ್ಲಿಲ್ಲ. ಈಗ ಸತ್ತೋನ ಮ್ಯಾಲೆ ಹಾಕ್ತಿಯಲ್ಲವ್ವ," ಎಂದಳು. ನಂಬಿದ ಅರ್ಧ ಜನ ಭರಮಮ್ಮನ ಜೊತೆ ಮಾತು ಬಿಟ್ಟರು.

ಹಡಗಲಿಯ ಕಡೆಯಿಂದ ಹದಿನೈದು ದಿನ ಸುದ್ದಿ ಇರಲಿಲ್ಲ. ಒಂದೊಂದು ದಿನ ಕಳೆದಾಗಲೂ ಭರಮಮ್ಮನಿಗೆ ಒಳಗೊಳಗೇ ಹಗುರವಾಗುತ್ತಿತ್ತು. ಬೇಡ ಅಂದಿರಬೇಕು, ಇನ್ನು ಬರಲಾರರು, ಸಿಟ್ಟಿನಲ್ಲಾದರೂ ಇವಳು ಇಲ್ಲೇ ಇರುತ್ತಾಳೆ. ಹಾಗೆ ಅಂದುಕೊಂಡ ಮರುಗಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಅದನ್ನೇ ಅಂದುಕೊಳ್ಳುತ್ತಿದ್ದಳು.

ಹದಿನಾರನೆಯ ದಿನ ಮೈಲಾರೇಶ್ ಬಂದ. ಕರಿಸಿದ್ದಪ್ಪ ಜೊತೆಗಿದ್ದ. ತಾಯಿ ಬಂದಿರಲಿಲ್ಲ. ಎತ್ತರದ, ಬಡಕಲು ಗಂಡಸು. ಹೆಗಲ ಮೇಲೆ ಕೂಸು ಮಲಗಿತ್ತು, ಜೊಲ್ಲು ಇಳಿದು ಅಂಗಿ ತೊಯ್ದಿತ್ತು. ಯಾರ ಮುಖವನ್ನೂ ನೇರವಾಗಿ ನೋಡದೆ ಹೇಳಿದ:

"ನಮ್ಮವ್ವ ಒಲ್ಲೆ ಅಂದ್ಲು. ಅವಳನ್ನ ಒಪ್ಪಸಾಕ ಇಷ್ಟು ದಿನ ಆತ್ರಿ. ಪೂರಾ ಒಪ್ಪಿಲ್ಲ. ನಾ ಬಂದೀನಿ. ಹೇಳದೇ ಇದ್ದಿದ್ರ ನಮಗೇನು ಗೊತ್ತಾಗ್ತಿತ್ತ್ರಿ. ಹೇಳಿ ಕಳಿಸೀರಿ."

ಸೌಭಾಗ್ಯ ಎದ್ದು ಹತ್ತಿರ ಹೋಗಿ, ಮಲಗಿದ ಕೂಸಿನ ಲಂಗದ ಅಂಚಿಗೆ ಅಂಟಿದ್ದ ನೆಗ್ಗಿಲಮುಳ್ಳನ್ನು ಒಂದೊಂದಾಗಿ ಕಿತ್ತು ಅಂಗೈಯಲ್ಲಿ ಕೂಡಿಹಾಕತೊಡಗಿದಳು. ಕೂಸು ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭರಮಮ್ಮ ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಉಡಿಕೆ ಕರಿಸಿದ್ದಪ್ಪನ ಊರಿನಲ್ಲಿ. ಭರಮಮ್ಮನಿಗೆ ಕರೆ ಇರಲಿಲ್ಲ. ಹೊರಡುವ ದಿನ ಸೌಭಾಗ್ಯ ನಾಲ್ಕು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಕುರಿಯಲ್ಲಿ ಅರ್ಧ ತಗೋ ಎಂದರೆ ಬೇಡ ಅಂದಳು. ಅಂಗಳದಲ್ಲಿ ಅಣ್ಣ ಗಾಡಿ ಶುರು ಮಾಡಿಕೊಂಡು ಕಾಯುತ್ತಿದ್ದ.

"ಬೋಳಿ ಕುರಿ ಕಾಲು ಕುಂಟ್ತೈತಿ. ಗುಡ್ಡಕ್ಕ ಬಿಡಬ್ಯಾಡ. ಬೇವಿನೆಣ್ಣಿ ಹಚ್ಚು," ಎಂದಳು. "ಹುಣಸಿಹಣ್ಣು ಉಪ್ಪು ಹಾಕಿ ಗಡಿಗ್ಯಾಗ ತುಂಬೀನಿ. ತಂಪಿನ್ಯಾಗ ಇಡಬ್ಯಾಡ."

"ಹ್ಞೂಂ."

ಹೊಸಿಲು ದಾಟಿ ಮೆಟ್ಟು ಹಾಕಿಕೊಂಡಳು. ಮನೆಯಿಂದ ಹೊರಡುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಸೌಭಾಗ್ಯ, "ಹೋಗ್ತೀನಿ," ಎಂದಳು.

*

ಯುಗಾದಿ ಕಳೆಯಿತು. ಬೇಸಿಗೆ ಕಳೆಯಿತು. ಮೊಣಕಾಲಿಗೆ ಗುಡ್ಡ ಹತ್ತಲಾಗದೆ ಭರಮಮ್ಮ ಹನ್ನೆರಡು ಕುರಿ ಮಾರಿದಳು. ಹೊಲವನ್ನು ಬೆಳೆಯಲ್ಲಿ ಅರ್ಧ ಪಾಲಿನ ಮೇಲೆ ಕೋರಿಗೆ ಕೊಟ್ಟಳು. ಎರಡು ದಿನಕ್ಕೊಮ್ಮೆ ರೊಟ್ಟಿ ಬಡಿದಿಟ್ಟುಕೊಳ್ಳುತ್ತಿದ್ದಳು. ಬಾಯಿ ಬಿಟ್ಟು ಒಂದು ಮಾತೂ ಆಡದೆ ಹೊತ್ತು ಮುಳುಗಿದ ದಿನಗಳಿದ್ದವು. ಅಂಥ ದಿನ ಸಂಜೆ ಕುರಿಯನ್ನು ಕರೆದಾಗ ತನ್ನ ದನಿ ತನಗೇ ಒರಟಾಗಿ ಕೇಳುತ್ತಿತ್ತು. ದಾರಿ ಕೇಳಿದವರಿಗೆ ಜನ ಈಗಲೂ ಅದೇ ಗುರುತು ಹೇಳುತ್ತಿದ್ದರು.

ಆ ಜೂನಿನಲ್ಲಿ ಮಿರಗದ ಮಳೆ ಎರಡು ಸಲ ಬಂದು ಹೋದ ಮೇಲೆ ಒಂದು ಇಳಿಹೊತ್ತು ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ನಾನು," ಎಂದಿತು ದನಿ.

ಭರಮಮ್ಮ ಗೋಡೆಗೆ ಕೈ ಕೊಟ್ಟು ನಿಂತಳು. "ಹ್ಞೂಂ."

"ಕೂಸಿಗೆ ನೆಗಡಿ. ಮೂಗು ಕಟ್ಟಿ ಉಸಿರಾಡಾಕ ಒದ್ದಾಡತೈತಿ. ಇವರವ್ವ ಊರಾಗಿಲ್ಲ. ನನಗ ಹಂಗಾದಾಗ ಏನೋ ಬಿಸಿ ಮಾಡಿ ಎದಿಗೆ ಇಡ್ತಿದ್ದಿ. ಏನದು?"

"ಅಜವಾನ. ಹಂಚಿನ್ಯಾಗ ಹುರಿದು ತೆಳ್ಳನ ಬಟ್ಟ್ಯಾಗ ಕಟ್ಟು. ಮೊದ್ಲು ನಿನ್ನ ಕೆನ್ನಿಗೆ ಹಚ್ಚಿ ನೋಡ್ಕೊ, ಸುಡಬಾರ್ದು. ಎದಿಗಿಡು, ಬೆನ್ನಿಗಿಡು, ಅಂಗಾಲಿಗೆ ಇಡು. ಮೂಗಿನ ಹತ್ರ ಹಿಡಿ, ವಾಸನಿ ಹೋಗ್ಲಿ."

"ಎಷ್ಟು ಹಾಕ್ಲಿ?"

"ಒಂದು ಹಿಡಿ. ನಿನ್ನ ಹಿಡಿಲೆ."

"ತಡಿ," ಎಂದಳು ಸೌಭಾಗ್ಯ.

ಫೋನನ್ನು ಎಲ್ಲೋ ಇಟ್ಟ ಸಪ್ಪಳವಾಯಿತು. ಕಟ್ ಮಾಡಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು, ಒಲೆಯ ಮೇಲೆ ಹಂಚಿಟ್ಟದ್ದು, ಆಮೇಲೆ ಕಾಳು ಚಟಪಟ ಸಿಡಿದದ್ದು. ಕೂಸು ಕಟ್ಟಿದ ಮೂಗಿನಲ್ಲೇ ಅಳುತ್ತಿತ್ತು. "ಆತು, ಆತು, ಬಂದೆ," ಎಂದಳು ಸೌಭಾಗ್ಯ, ಫೋನಿಗಲ್ಲ, ಕೂಸಿಗೆ. ಕೂಸು ಕೆಮ್ಮಿತು. ಬಳೆಗಳ ಸಪ್ಪಳ. ಅಳು ಸಣ್ಣದಾಯಿತು, ಮತ್ತೆ ದೊಡ್ಡದಾಯಿತು, ಮತ್ತೆ ಸಣ್ಣದಾಯಿತು. ಸೌಭಾಗ್ಯ ಏನೋ ಹೇಳುತ್ತಿದ್ದಳು, ಮಾತು ತಿಳಿಯುತ್ತಿರಲಿಲ್ಲ, ಬರಿ ದನಿ.

ಅಂಗಳದಲ್ಲಿ ಕುರಿಗಳು ಬಂದು ನಿಂತಿದ್ದವು. ಒಳಗೆ ಬಿಡುವವರು ಕಾಣದೆ ಒಂದು ಅರಚಿತು, ಅದರ ಹಿಂದೆ ಇನ್ನೊಂದು. ಭರಮಮ್ಮ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆ ಅರಚಾಟ ಅತ್ತ ಕೇಳಿಸದಂತೆ ಮಾತಾಡುವ ತುದಿಯನ್ನು ಮಾತ್ರ ಅಂಗೈಯಿಂದ ಮುಚ್ಚಿ ಹಿಡಿದು, ಬಾಗಿಲಿಗೆ ಬೆನ್ನು ಮಾಡಿ ನಿಂತಳು.